ಆಪರೇಷನ್ನಿಗೆ ಮೊದಲು ಇನ್ನೊಂದು ಸ್ಕ್ಯಾನ್: ಕೇರಳದ ಆರೋಗ್ಯ ಸಚಿವರಿಗೆ ಕಾಸರಗೋಡಿನಿಂದ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ, ಮತ್ತು ಇದನ್ನು ಓದುವ ಗಡಿನಾಡಿನ ಬಂಧುಗಳಿಗೆ,

ನಮಸ್ಕಾರ.

ನಾನು ಬದಿಯಡ್ಕದ ಕಡೆಯವನು. ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು. ಡಾಕ್ಟರ್ ಅಲ್ಲ. ಆದರೆ ಮನೆಯೊಳಗೇ ಒಂದು ಕಾಯಿಲೆ ಬಂದು ಕೂತಾಗ ಅದರ ಬಗ್ಗೆ ಓದದೆ, ನಾಲ್ಕು ಜನರನ್ನು ಕೇಳದೆ ಇರಲು ಆಗುವುದಿಲ್ಲ. ನನ್ನ ತಂಗಿಗೆ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇದೆ. ಅವಳ ಜೊತೆ ಆಸ್ಪತ್ರೆಗೆ ಓಡಾಡುವಾಗ ತಿಳಿದ ಒಂದು ವಿಷಯವನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಕೇಳುತ್ತಿರುವುದು ಇಷ್ಟು. ಪಿಟ್ಯುಟರಿ ಗಡ್ಡೆಗೆ ಆಪರೇಷನ್ ಎಂದು ದಿನ ನಿಗದಿಯಾಗಿದೆ ಅಂತ ಇಟ್ಟುಕೊಳ್ಳಿ. ಮೊದಲ ಸ್ಕ್ಯಾನ್ ಆಗಿ ತಿಂಗಳುಗಟ್ಟಲೆ ಕಳೆದಿದ್ದರೆ, ಅಥವಾ ನಡುವೆ ರೋಗಿಯ ಸ್ಥಿತಿ ಬದಲಾಗಿದ್ದರೆ, ಆಪರೇಷನ್ನಿಗೆ ಮೊದಲು ಹೊಸದಾಗಿ ಎಂಆರ್‌ಐ ಆಗಲೇಬೇಕು. ಅದರ ಖರ್ಚು ರೋಗಿಯ ತಲೆ ಮೇಲೆ ಬೀಳಬಾರದು. ಹೊಸ ಸ್ಕ್ಯಾನ್ ನೋಡಿ ‘ಆಪರೇಷನ್ ಈಗ ಬೇಡ’ ಎಂದು ಡಾಕ್ಟರ್ ಹೇಳಿದರೂ ಆ ದುಡ್ಡು ಸರಕಾರದ ಚಿಕಿತ್ಸಾ ಯೋಜನೆಯಿಂದಲೇ ಬರಬೇಕು.

ಯಾಕೆ ಎಂದು ಹೇಳುತ್ತೇನೆ.

ಪಿಟ್ಯುಟರಿ ಅಂದರೆ ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ, ಎಲುಬಿನ ಒಂದು ಸಣ್ಣ ಗುಳಿಯೊಳಗೆ ಕೂತಿರುವ ಬಟಾಣಿ ಕಾಳಿನಷ್ಟು ಗ್ರಂಥಿ. ಗಾತ್ರ ಅಷ್ಟೇ ಆದರೂ ಥೈರಾಯಿಡ್, ಅಡ್ರಿನಲ್, ಅಂಡಾಶಯ, ವೃಷಣ ಇವಕ್ಕೆಲ್ಲ ಅಪ್ಪಣೆ ಹೋಗುವುದು ಇಲ್ಲಿಂದ. ಮಕ್ಕಳು ಎತ್ತರಕ್ಕೆ ಬೆಳೆಯುವುದು, ಬಾಣಂತಿಗೆ ಎದೆಹಾಲು ಬರುವುದು, ಮೂತ್ರದಲ್ಲಿ ಎಷ್ಟು ನೀರು ಹೋಗಬೇಕು ಎನ್ನುವುದು ಕೂಡ ಇದರ ಕೈಯಲ್ಲಿದೆ. ಗ್ರಂಥಿಯ ಸರೀ ಮೇಲೆ ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುತ್ತವೆ. ಎಡಕ್ಕೂ ಬಲಕ್ಕೂ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಇಂಥ ಇಕ್ಕಟ್ಟಿನಲ್ಲಿ ಬರುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. 10 ಮಿಲಿಮೀಟರಿಗಿಂತ ಸಣ್ಣದನ್ನು ಮೈಕ್ರೋ ಅನ್ನುತ್ತಾರೆ, ಅದಕ್ಕಿಂತ ದೊಡ್ಡದನ್ನು ಮ್ಯಾಕ್ರೋ ಅನ್ನುತ್ತಾರೆ. ಬೇರೆ ಕಾರಣಕ್ಕೆ ಸತ್ತವರ ಶವಪರೀಕ್ಷೆಯಲ್ಲಿ ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಇಂಥ ಸಣ್ಣ ಗಡ್ಡೆ ಸಿಕ್ಕಿದೆ. ಬದುಕಿದ್ದಷ್ಟು ದಿನ ಅವರಿಗೆ ಅದರಿಂದ ತೊಂದರೆಯೇ ಆಗಿರಲಿಲ್ಲ. ಹಾಗಾಗಿ ಗಡ್ಡೆ ಕಂಡಿತು ಅಂದ ಕೂಡಲೇ ತೆಗೆಯಬೇಕು ಅಂತ ಅಲ್ಲ.

ನನ್ನ ತಂಗಿಯದ್ದು ಮ್ಯಾಕ್ರೋ. ಅದು ಮೊದಲು ಗೊತ್ತಾದದ್ದು ತಲೆನೋವಿನಿಂದಲ್ಲ. ಊಟಕ್ಕೆ ಕೂತರೆ ಬದಿಗೆ ಇಟ್ಟ ನೀರಿನ ಲೋಟ ಕೈ ತಾಗಿ ಉರುಳುತ್ತಿತ್ತು. ಬಾಗಿಲು ದಾಟುವಾಗ ಭುಜ ದಾರಂದಕ್ಕೆ ಬಡಿಯುತ್ತಿತ್ತು. ಅವಳು ಬೀಡಿ ಕಟ್ಟುವವಳು. ಎದುರಿಗೆ ಇದ್ದದ್ದೆಲ್ಲ ಸರಿಯಾಗಿ ಕಾಣುತ್ತಿತ್ತು, ನೂಲು ಸುತ್ತಲು ತೊಂದರೆ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸಿದರು, ಕೊನೆಯ ಸಾಲಿನವರೆಗೂ ಓದಿದಳು. ಕಣ್ಣು ಚೆನ್ನಾಗಿದೆ ಎಂದು ಕಳಿಸಿದರು. ಕೊನೆಗೆ ಮಂಗಳೂರಿನ ಒಬ್ಬ ಕಣ್ಣಿನ ಡಾಕ್ಟರ್ ಅವಳ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ, ನಡುವಿನ ಬೆಳಕನ್ನೇ ನೋಡುತ್ತಾ ಸುತ್ತ ಎಲ್ಲಿ ಚುಕ್ಕಿ ಮಿನುಗಿದರೂ ಗುಂಡಿ ಒತ್ತಲು ಹೇಳಿದರು. ಹೊರಬಂದ ಕಾಗದದಲ್ಲಿ ಎಡಗಣ್ಣಿನ ಎಡಭಾಗ ಕಪ್ಪು, ಬಲಗಣ್ಣಿನ ಬಲಭಾಗ ಕಪ್ಪು. ಕಣ್ಣಿನ ನರಗಳು ದಾಟುವ ಜಾಗವನ್ನು ಕೆಳಗಿನಿಂದ ಏನೋ ಒತ್ತುತ್ತಿದೆ ಎಂಬುದಕ್ಕೆ ಇದೇ ಗುರುತು. ಆ ವಾರವೇ ಎಂಆರ್‌ಐ ಆಯಿತು. 21 ಮಿಲಿಮೀಟರ್.

ಆಪರೇಷನ್ ಆಗಬೇಕು ಅಂದರು. ಆ ಸ್ಥಿತಿಯಲ್ಲಿ ಅದು ಸರಿಯಾದ ಮಾತೇ. ಆದರೆ ಚಿಕಿತ್ಸಾ ಯೋಜನೆಯ ಕಾರ್ಡಿನ ಕಾಗದಪತ್ರ, ಒಪ್ಪಿಗೆ, ಹಾಸಿಗೆ ಎಂದು ದಿನ ಮುಂದೆ ಹೋಗುತ್ತಾ ತಿಂಗಳುಗಳೇ ಕಳೆದವು. ನಡುವೆ ಒಂದು ರಾತ್ರಿ ಅವಳಿಗೆ ತಡೆಯಲಾಗದ ತಲೆನೋವು, ವಾಂತಿ. ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟರು. ಮೈಗ್ರೇನ್ ಇರಬೇಕು ಅಂದರು. ನಾಲ್ಕೈದು ದಿನದಲ್ಲಿ ನೋವು ಇಳಿಯಿತು. ಆಮೇಲೆ ವಿಪರೀತ ಸುಸ್ತು. ಎದ್ದು ನಿಂತರೆ ತಲೆ ಸುತ್ತು. ಲೋಟ ಉರುಳುವುದು ಮಾತ್ರ ನಿಂತುಹೋಗಿತ್ತು.

ಆಪರೇಷನ್ನಿಗೆ ದಾಖಲಾದ ದಿನ ವಾರ್ಡಿಗೆ ಬಂದ ಡಾಕ್ಟರ್ ಚಿಕ್ಕ ಪ್ರಾಯದವರು. ಅವರು ಫೈಲ್ ಬಿಡಿಸುವ ಮೊದಲು ‘ಈಗ ಹೇಗಿದ್ದೀರಿ ಅಕ್ಕಾ, ನಡುವೆ ಏನಾದರೂ ಆಯಿತಾ?’ ಎಂದು ಕೇಳಿದರು. ತಂಗಿ ಆ ರಾತ್ರಿಯ ವಿಷಯ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, ಹೊಸ ಎಂಆರ್‌ಐ ಆಗದೆ ನಾಳೆ ಒಳಗೆ ಕರೆದುಕೊಂಡು ಹೋಗುವುದಿಲ್ಲ ಅಂದುಬಿಟ್ಟರು.

ಹೊಸ ಸ್ಕ್ಯಾನ್ ಬಂದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನಮಗೂ ತೋರಿಸಿದರು. ಹಳೆಯದರಲ್ಲಿ ಗಡ್ಡೆ ಮೇಲಕ್ಕೆ ಉಬ್ಬಿ ಕಣ್ಣಿನ ನರವನ್ನು ಬಿಲ್ಲಿನ ಹಾಗೆ ಬಗ್ಗಿಸಿತ್ತು. ಹೊಸದರಲ್ಲಿ ನರ ನೆಟ್ಟಗೆ ಇತ್ತು. ಗಡ್ಡೆಗೂ ಅದಕ್ಕೂ ನಡುವೆ ಸಪೂರವಾದ ಜಾಗ ಬಿಟ್ಟಿತ್ತು. ಅಳತೆ 11 ಮಿಲಿಮೀಟರ್. ಆ ರಾತ್ರಿ ಗಡ್ಡೆಯೊಳಗೆ ರಕ್ತಸ್ರಾವವಾಗಿ, ಅದರ ಒಂದು ಭಾಗ ಸತ್ತು, ನಿಧಾನಕ್ಕೆ ಕುಗ್ಗಿತ್ತು. ರಕ್ತ ಪರೀಕ್ಷೆಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ತುಂಬಾ ಕಡಿಮೆ ಬಂತು. ಸುಸ್ತಿಗೆ, ತಲೆ ಸುತ್ತಿಗೆ ಅದೇ ಕಾರಣ. ಆಪರೇಷನ್ ಮುಂದೆ ಹಾಕಿದರು, ಆ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್ ಮಾತ್ರೆ ಶುರು ಮಾಡಿದರು. ಈಗ ಅವಳು ಹೇಳಿದ ಸಮಯಕ್ಕೆ ಸ್ಕ್ಯಾನ್ ಮಾಡಿಸಿಕೊಂಡು, ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಮನೆಯಲ್ಲಿದ್ದಾಳೆ.

ಸಚಿವರೇ, ಆ ದಿನ ಆ ಡಾಕ್ಟರ್ ಸಿಕ್ಕಿದ್ದು ನಮ್ಮ ಅದೃಷ್ಟ. ಅದೃಷ್ಟದ ಮೇಲೆ ಬಿಡುವ ವಿಷಯ ಇದಲ್ಲ, ಅಲ್ವಾ? ಅದಕ್ಕೇ ಈ ಪತ್ರ.

ಕೆಲವೇ ತಿಂಗಳಲ್ಲಿ ಗಡ್ಡೆ ಅಷ್ಟು ಬದಲಾಗುತ್ತದಾ ಎಂದು ಕೇಳುವವರಿದ್ದಾರೆ. ಬದಲಾಗಬಹುದು, ಎರಡೂ ಕಡೆಗೆ. ತಂಗಿಗೆ ಆದಂತೆ ರಕ್ತಸ್ರಾವವಾಗಿ ಕುಗ್ಗಬಹುದು. ಪ್ರೊಲ್ಯಾಕ್ಟಿನ್ ಹಾರ್ಮೋನ್ ಉಕ್ಕಿಸುವ ಗಡ್ಡೆಯಾದರೆ ಮೊದಲ ಚಿಕಿತ್ಸೆಯೇ ಮಾತ್ರೆ. ವಾರಕ್ಕೆ ಒಂದೆರಡು ಸಲ ತೆಗೆದುಕೊಳ್ಳುವ ಕ್ಯಾಬರ್‌ಗೋಲಿನ್ ಎಂಬ ಮಾತ್ರೆಗೆ ದೊಡ್ಡ ದೊಡ್ಡ ಗಡ್ಡೆಗಳೂ ವಾರಗಳಲ್ಲಿ, ತಿಂಗಳುಗಳಲ್ಲಿ ಇಳಿಯುತ್ತವೆ. ಥೈರಾಯಿಡ್ ಬಹಳ ಕಾಲ ಕಡಿಮೆ ಇದ್ದು ಚಿಕಿತ್ಸೆ ಆಗದಿದ್ದರೆ ಪಿಟ್ಯುಟರಿ ತಾನೇ ಊದಿಕೊಂಡು ಗಡ್ಡೆಯಂತೆಯೇ ಕಾಣುತ್ತದೆ. ಥೈರಾಕ್ಸಿನ್ ಮಾತ್ರೆ ಕೊಟ್ಟರೆ ಅದು ಮೊದಲಿನ ಗಾತ್ರಕ್ಕೆ ಬರುತ್ತದೆ. ಅಂಥವರ ಮೂಗಿನ ದಾರಿಯಲ್ಲಿ ಆಯುಧ ತೂರಿಸುವ ಅಗತ್ಯವೇ ಇಲ್ಲ. ಬಸುರಿಯರಲ್ಲಿ ಆರೋಗ್ಯವಾದ ಗ್ರಂಥಿಯೂ ದೊಡ್ಡದಾಗುತ್ತದೆ, ಹೆರಿಗೆಯ ನಂತರ ಇಳಿಯುತ್ತದೆ. ಹೆರಿಗೆಯ ಆಸುಪಾಸಿನಲ್ಲಿ ಕೆಲವರಿಗೆ ದೇಹದ ರೋಗ ನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬಾವು ಬರುತ್ತದೆ. ಅದೂ ಸ್ಕ್ಯಾನಿನಲ್ಲಿ ಗಡ್ಡೆಯ ವೇಷದಲ್ಲೇ ಕಾಣುತ್ತದೆ. ತಾನಾಗಿಯೇ ಅಥವಾ ಸ್ಟೆರಾಯಿಡ್‌ನಿಂದ ಇಳಿಯುವುದೂ ಉಂಟು. ನೀರು ತುಂಬಿದ ಕೆಲವು ಚೀಲಗಳೂ ಹಾಗೆಯೇ.

ಇನ್ನೊಂದು ಕಡೆ, ಗಡ್ಡೆ ಬೆಳೆದಿರಲೂಬಹುದು. ಪಕ್ಕದ ರಕ್ತನಾಳವನ್ನು ಸುತ್ತಿಕೊಂಡಿರಬಹುದು. ಆಗ ಆಪರೇಷನ್ನಿನ ದಾರಿ, ತಂಡ, ಎಷ್ಟು ತೆಗೆಯಬಹುದು ಎಂಬ ಲೆಕ್ಕ ಎಲ್ಲವೂ ಬದಲಾಗುತ್ತದೆ. ಆಪರೇಷನ್ ಹೊತ್ತಿನಲ್ಲಿ ದಾರಿ ತೋರಿಸುವ ಕಂಪ್ಯೂಟರಿಗೆ ತುಂಬಿಸುವುದೂ ಇದೇ ಸ್ಕ್ಯಾನಿನ ಚಿತ್ರವನ್ನು. ಆರು ತಿಂಗಳ ಹಿಂದಿನ ಚಿತ್ರ ಹಾಕಿದರೆ ಅದು ಆರು ತಿಂಗಳ ಹಿಂದಿನ ದಾರಿಯನ್ನೇ ತೋರಿಸುತ್ತದೆ.

ಒಂದು ವಿಷಯ ಓದಿದಾಗ ನನಗೆ ಮೈ ಜುಮ್ಮೆಂದಿತು. ಆ ಜಾಗದಲ್ಲಿ ರಕ್ತನಾಳದ ಗೋಡೆ ಉಬ್ಬಿ ಗುಳ್ಳೆಯಾದರೆ, ಕೆಲವೊಮ್ಮೆ ಅದೂ ಪಿಟ್ಯುಟರಿ ಗಡ್ಡೆಯ ಹಾಗೆ ಕಾಣಬಹುದಂತೆ. ಗಡ್ಡೆ ಎಂದು ಅದಕ್ಕೆ ಕೈ ಹಾಕಿದರೆ ಟೇಬಲಿನ ಮೇಲೆಯೇ ಪ್ರಾಣ ಹೋಗಬಹುದು. ಸರಿಯಾದ ಸ್ಕ್ಯಾನ್ ಇಲ್ಲದೆ ಅದನ್ನು ಗುರುತಿಸುವುದು ಹೇಗೆ?

ಆಪರೇಷನ್ ಬೇಡ ಎಂಬ ಮಾತು ಇದಲ್ಲ. ಅದನ್ನು ಒತ್ತಿ ಹೇಳುತ್ತೇನೆ. ಮೂಗಿನ ದಾರಿಯಿಂದ ಪಿಟ್ಯುಟರಿ ಗಡ್ಡೆ ತೆಗೆಯುವ ಕೆಲಸವನ್ನು 1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಶ್ಲೊಫರ್ ಮೊದಲು ಮಾಡಿದರು. ಆಗ ಅವರಿಗೆ ಇದ್ದದ್ದು ಎಕ್ಸ್‌ರೇ ಮಾತ್ರ. ಅದರಲ್ಲಿ ಗಡ್ಡೆ ಕಾಣುವುದಿಲ್ಲ, ಎಲುಬಿನ ಗುಳಿ ಅಗಲವಾದದ್ದು ಕಾಣುತ್ತದೆ ಅಷ್ಟೇ. ಇವತ್ತು ಕ್ಯಾಮೆರಾ ಇರುವ ಸಪೂರ ಕೊಳವೆ ಹಾಕಿ, ಎದುರಿನ ಪರದೆ ನೋಡಿಕೊಂಡು ನುರಿತ ಕೈಗಳು ಮಾಡುವ ಈ ಆಪರೇಷನ್ ಎಷ್ಟೋ ಜನರ ಕಣ್ಣು ಉಳಿಸಿದೆ. ಬೆಳವಣಿಗೆಯ ಹಾರ್ಮೋನ್ ಉಕ್ಕಿ ಕೈಬೆರಳು, ಪಾದ, ದವಡೆ ದೊಡ್ಡದಾಗುತ್ತಾ ಹೋಗುವವರಿಗೆ, ಕಾರ್ಟಿಸಾಲ್ ಜಾಸ್ತಿಯಾಗಿ ಮುಖ ಊದಿ ಎಲುಬು ಸವೆಯುವವರಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆಯೇ ಅದು. ಆದರೆ ಅದಕ್ಕೆ ಅದರದೇ ಅಪಾಯಗಳಿವೆ. ಮೆದುಳಿನ ಸುತ್ತ ಇರುವ ನೀರು ಮೂಗಿನಿಂದ ಸೋರಬಹುದು. ದಿನಕ್ಕೆ ಕೊಡಗಟ್ಟಲೆ ಮೂತ್ರ ಹೋಗಿ ಬಾಯಾರಿಕೆ ತಡೆಯದೆ ಒದ್ದಾಡಬೇಕಾಗಬಹುದು. ಗ್ರಂಥಿಯ ಆರೋಗ್ಯವಾದ ಭಾಗಕ್ಕೆ ಪೆಟ್ಟಾದರೆ ಜೀವಮಾನ ಇಡೀ ಹಾರ್ಮೋನ್ ಮಾತ್ರೆ. ಇಷ್ಟು ಅಪಾಯ ಹೊರಲು ಒಬ್ಬರು ಸಹಿ ಹಾಕುವಾಗ, ಅವರ ಇವತ್ತಿನ ಚಿತ್ರ ಡಾಕ್ಟರ ಕೈಯಲ್ಲಿ ಇರಬೇಕು.

ಹಾಗೆಯೇ, ಹೊಸ ಸ್ಕ್ಯಾನ್ ಎಂಬ ನೆಪದಲ್ಲಿ ಯಾರನ್ನೂ ಕಾಯಿಸಲೂ ಬಾರದು. ದಿಢೀರ್ ತಲೆನೋವಿನ ಜೊತೆ ದೃಷ್ಟಿ ಮಂಜಾದರೆ, ಒಂದು ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು. ಅಂಥವರಿಗೆ ಅದೇ ದಿನ ಸ್ಕ್ಯಾನ್, ಅದೇ ದಿನ ತೀರ್ಮಾನ ಆಗಬೇಕು. ನಾನು ಹೇಳುತ್ತಿರುವುದು ಸಾಲಿನಲ್ಲಿ ತಿಂಗಳುಗಟ್ಟಲೆ ನಿಂತವರ ವಿಷಯ.

ಮತ್ತು ಆ ಸಾಲು ಕಾಸರಗೋಡಿನವರಿಗೆ ಉದ್ದ. ನಮಗೆ ಮಂಗಳೂರು ಸುಮಾರು 50 ಕಿಲೋಮೀಟರ್, ಆದರೆ ಬೇರೆ ರಾಜ್ಯ. ತಿರುವನಂತಪುರ ನಮ್ಮದೇ ರಾಜ್ಯ, ಆದರೆ ಇನ್ನೊಂದು ತುದಿ. ಸ್ಕ್ಯಾನ್ ಮಂಗಳೂರಿನಲ್ಲಿ ಆಗುತ್ತದೆ, ಆಪರೇಷನ್ನಿಗೆ ಕಣ್ಣೂರಿನ ಪರಿಯಾರಕ್ಕೋ ಕೋಯಿಕ್ಕೋಡಿಗೋ ಬರೆದುಕೊಡುತ್ತಾರೆ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ರಾಜ್ಯದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸ್‌ಗಳೂ ನಿಂತವು. ಮಂಗಳೂರು ತಲುಪಲಾಗದೆ ನಮ್ಮವರು ಸತ್ತರು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿರುವ ಉಕ್ಕಿನಡ್ಕ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಅದರ ಕಟ್ಟಡವನ್ನು ತರಾತುರಿಯಲ್ಲಿ ತೆರೆದದ್ದು ಅದೇ ಕೋವಿಡ್ ಕಾಲದಲ್ಲಿ, ಕೋವಿಡ್ ಆಸ್ಪತ್ರೆಯಾಗಿ. ಇದನ್ನೆಲ್ಲ ದೂರಲು ಹೇಳುತ್ತಿಲ್ಲ. ನಮ್ಮ ರೋಗಿಗೆ ಸ್ಕ್ಯಾನಿಗೂ ಆಪರೇಷನ್ನಿಗೂ ನಡುವೆ ಅಂತರ ಯಾಕೆ ಜಾಸ್ತಿ ಎಂದು ತಿಳಿಯಲಿ ಅಂತ ಹೇಳುತ್ತಿದ್ದೇನೆ. ಅಂತರ ಜಾಸ್ತಿ ಇದ್ದಷ್ಟೂ ಹಳೆಯ ಚಿತ್ರದ ಬೆಲೆ ಕಡಿಮೆಯಾಗುತ್ತದೆ.

ಈಗ ದುಡ್ಡಿನ ಮಾತು. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎಷ್ಟೋ ಬಡವರ ಮನೆ ಅದರಿಂದ ಉಳಿದಿದೆ, ನಮ್ಮ ಮನೆಯೂ ಸೇರಿ. ಅದರೊಂದಿಗೆ ಕೂಡಿಸಿರುವ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯ ನಿಯಮದಂತೆ ದಾಖಲಾಗುವುದಕ್ಕೆ 3 ದಿನ ಮೊದಲಿನ ಪರೀಕ್ಷೆಗಳೂ, ಬಿಡುಗಡೆಯಾದ ನಂತರದ 15 ದಿನದ ಖರ್ಚೂ ಚಿಕಿತ್ಸೆಯ ಪ್ಯಾಕೇಜಿನೊಳಗೇ ಸೇರುತ್ತದೆ. ಅಂದರೆ ಆಪರೇಷನ್ ಆದರೆ ಸ್ಕ್ಯಾನಿನ ಖರ್ಚು ಅದರಲ್ಲಿ ಕೂಡಿಹೋಗುತ್ತದೆ. ಆದರೆ ಸ್ಕ್ಯಾನ್ ನೋಡಿ ಆಪರೇಷನ್ ಬೇಡ ಎಂದಾದರೆ? ಪ್ಯಾಕೇಜೇ ಇಲ್ಲದಾಗ ಆ ಸ್ಕ್ಯಾನಿನ ದುಡ್ಡು ಯಾರು ಕೊಡಬೇಕು? ನಮ್ಮ ವಿಷಯದಲ್ಲಿ ಅದನ್ನು ನಾವೇ ಕೊಟ್ಟೆವು. ತಂಗಿ ಕಿವಿಯ ಓಲೆ ಅಡವಿಟ್ಟಳು. ಆಪರೇಷನ್ ತಪ್ಪಿಸಿ ಸರಕಾರಕ್ಕೂ ದೊಡ್ಡ ಮೊತ್ತ ಉಳಿಸಿಕೊಟ್ಟ ಸ್ಕ್ಯಾನಿಗೆ, ಬೀಡಿ ಕಟ್ಟುವ ಹೆಂಗಸು ಓಲೆ ಅಡವಿಡುವ ಹಾಗಾಗಬಾರದು. ಆಪರೇಷನ್ ರದ್ದಾದರೂ ಅದಕ್ಕೆ ಮೊದಲಿನ ಎಂಆರ್‌ಐ, ಹಾರ್ಮೋನ್ ಪರೀಕ್ಷೆ, ಕಣ್ಣಿನ ಫೀಲ್ಡ್ ಪರೀಕ್ಷೆ ಇವಿಷ್ಟಕ್ಕೆ ಬೇರೆಯಾಗಿ ದುಡ್ಡು ಸಿಗುವಂತೆ, ಈ ಯೋಜನೆ ನಡೆಸುವ ರಾಜ್ಯ ಆರೋಗ್ಯ ಏಜೆನ್ಸಿ ಒಂದು ಆದೇಶ ಹೊರಡಿಸಿದರೆ ಸಾಕು.

ಸ್ಕ್ಯಾನ್ ಅಂದರೆ ಯಾವುದೋ ಒಂದು ಸ್ಕ್ಯಾನ್ ಅಲ್ಲ ಎಂಬುದನ್ನೂ ಹೇಳಬೇಕು. ಮಾಮೂಲಿ ತಲೆಯ ಎಂಆರ್‌ಐಯಲ್ಲಿ ಪದರಗಳು ದಪ್ಪ, ಸಣ್ಣ ಗಡ್ಡೆ ಎರಡು ಪದರಗಳ ನಡುವೆ ತಪ್ಪಿಹೋಗಬಹುದು. ಪಿಟ್ಯುಟರಿಗೆಂದೇ ಎರಡು ಮೂರು ಮಿಲಿಮೀಟರಿನ ತೆಳು ಪದರಗಳಲ್ಲಿ, ಎದುರಿನಿಂದಲೂ ಬದಿಯಿಂದಲೂ, ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧಿ ಚುಚ್ಚುವ ಮೊದಲು ಮತ್ತು ಚುಚ್ಚಿದ ಮೇಲೆ ತೆಗೆಯಬೇಕು. ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣ ಇಲ್ಲ, ಹಾಗಾಗಿ ಎರಡನೇ ಸಲ ಮಾಡಿಸಿದರೆ ಕಿರಣದ ಭಯ ಇಲ್ಲ. ಮೂತ್ರಪಿಂಡ ದುರ್ಬಲ ಇರುವವರು ಆ ಔಷಧಿಯ ಬಗ್ಗೆ ಮೊದಲೇ ಡಾಕ್ಟರಿಗೆ ಹೇಳಬೇಕು. ರೋಗಿಯ ಕೈಗೆ ಬರೀ ರಿಪೋರ್ಟಿನ ಕಾಗದ ಕೊಟ್ಟು ಕಳಿಸಬಾರದು, ಚಿತ್ರಗಳ ಸಿಡಿಯನ್ನೂ ಕೊಡಬೇಕು. ಹೋಲಿಸುವಾಗ ಕಳೆದ ಬಾರಿಯದ್ದರ ಜೊತೆ ಮಾತ್ರವಲ್ಲ, ಎಲ್ಲಕ್ಕಿಂತ ಹಳೆಯದರ ಜೊತೆಗೂ ಹೋಲಿಸಬೇಕು. ಪ್ರತಿ ಸಲ ಸ್ವಲ್ಪ ಸ್ವಲ್ಪ ಬೆಳೆದದ್ದು ಆಗ ಕಣ್ಣಿಗೆ ಬೀಳುತ್ತದೆ.

ರಕ್ತ ಪರೀಕ್ಷೆಯೂ ಹಾಗೆಯೇ. ಪ್ರೊಲ್ಯಾಕ್ಟಿನ್ ವಿಪರೀತ ಜಾಸ್ತಿ ಇದ್ದಾಗ ಕೆಲವು ಯಂತ್ರಗಳು ಅದನ್ನು ಕಡಿಮೆ ಎಂದು ತೋರಿಸುತ್ತವೆ. ರಕ್ತದ ಮಾದರಿಯನ್ನು ತೆಳು ಮಾಡಿ ಮತ್ತೆ ನೋಡಿದರೆ ನಿಜ ಹೊರಬರುತ್ತದೆ. ಅದನ್ನು ಮಾಡದಿದ್ದರೆ ಮಾತ್ರೆಯಲ್ಲಿ ಕರಗುವ ಗಡ್ಡೆಗೆ ಆಪರೇಷನ್ ಆಗಿಬಿಡಬಹುದು. ಪಿಟ್ಯುಟರಿ ಸೋತಾಗ, ಅದು ಥೈರಾಯಿಡಿಗೆ ಅಪ್ಪಣೆ ಕಳಿಸುವ ಹಾರ್ಮೋನ್ ಆದ ಟಿಎಸ್‌ಎಚ್ ಸರಿಯಾಗಿ ಇರುವಂತೆಯೇ ಕಾಣಬಹುದು, ಅದರ ಜೊತೆ ಥೈರಾಯಿಡಿನದೇ ಹಾರ್ಮೋನ್ ಆದ ಟಿ4 ನೋಡಲೇಬೇಕು. ಇದನ್ನೆಲ್ಲ ನೋಡುವವರು ಹಾರ್ಮೋನ್ ತಜ್ಞರು, ಅಂದರೆ ಎಂಡೋಕ್ರೈನಾಲಜಿಸ್ಟ್. ಉಕ್ಕಿನಡ್ಕಕ್ಕೆ ಅಂಥವರೊಬ್ಬರು ಖಾಯಂ ಆಗಿ ಬರುವವರೆಗೆ, ತಿಂಗಳಿಗೊಮ್ಮೆಯಾದರೂ ಬಂದು ಕೂರುವ ವ್ಯವಸ್ಥೆ ಮಾಡಿ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರಿಗಾಗಿ ಬೇರೆ ಕಡೆಯಿಂದ ತಜ್ಞರನ್ನು ಕರೆಸಿ ಶಿಬಿರ ನಡೆಸಿದ ಅನುಭವ ಈ ಜಿಲ್ಲೆಯ ಆರೋಗ್ಯ ಇಲಾಖೆಗೆ ಇದೆ. ಅದು ಆಗುವ ಕೆಲಸ ಎಂದು ನಾವು ಕಣ್ಣಾರೆ ನೋಡಿದ್ದೇವೆ. ಜೊತೆಗೆ ಗಲ್ಲ ಇಟ್ಟು ನೋಡುವ ಆ ಕಣ್ಣಿನ ಪರೀಕ್ಷೆಯನ್ನು, ಬದಿಯ ವಸ್ತು ಕಾಣುತ್ತಿಲ್ಲ ಎನ್ನುವ ಪ್ರತಿಯೊಬ್ಬರಿಗೂ ಮಾಡಿ. ಗೋಡೆಯ ಅಕ್ಷರ ಓದಿಸಿ ಕಳಿಸಿಬಿಡಬೇಡಿ.

ರೋಗಿಗಳ ಮನೆಯವರಿಗೂ ಒಂದು ಮಾತು. ಹಳೆಯ ಫಿಲ್ಮು, ಸಿಡಿ ಯಾವುದನ್ನೂ ಎಸೆಯಬೇಡಿ. ದಾಖಲಾಗುವಾಗ ‘ಸ್ಕ್ಯಾನ್ ಆಗಿ ಇಷ್ಟು ತಿಂಗಳಾಯಿತು, ಮತ್ತೆ ಬೇಕಾ?’ ಎಂದು ಬಾಯಿಬಿಟ್ಟು ಕೇಳಿ. ನಡುವೆ ಬಂದ ತಲೆನೋವು, ವಾಂತಿ, ಮುಟ್ಟಿನ ಬದಲಾವಣೆ, ಬಸಿರು, ಹೊಸದಾಗಿ ಶುರು ಮಾಡಿದ ಮಾತ್ರೆ ಎಲ್ಲವನ್ನೂ ಹೇಳಿ. ಹೊಟ್ಟೆಗೆ ಕೊಡುವ ಡೊಂಪೆರಿಡೋನ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಆದರೆ ಡಾಕ್ಟರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಹೈಡ್ರೊಕಾರ್ಟಿಸೋನ್ ತಿನ್ನುವವರಂತೂ ಒಂದು ದಿನವೂ ಬಿಡಬಾರದು. ಜ್ವರ ಬಂದರೆ ಅದರ ಪ್ರಮಾಣ ಎಷ್ಟು ಏರಿಸಬೇಕೆಂದು ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿ.

ಈ ಬರೆಸಿಟ್ಟುಕೊಳ್ಳುವುದು ಕನ್ನಡದಲ್ಲಿ ಆಗಬೇಕು, ಸಚಿವರೇ. ತಂಗಿ ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಅವಳಿಗೆ ಓದಲು ಬರುವ ಒಂದು ಸಾಲೂ ಇರಲಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಅವಳ ಹಾಗೆ ಕನ್ನಡ ಶಾಲೆಯಲ್ಲಿ ಕಲಿತವರು ಬಹಳ ಜನ. ಯಾವ ಆಪರೇಷನ್, ಯಾಕೆ, ಮಾಡದಿದ್ದರೆ ಏನು, ಯಾವ ತಾರೀಕಿನ ಸ್ಕ್ಯಾನ್ ನೋಡಿ ತೀರ್ಮಾನ ಮಾಡಿದ್ದು ಎಂದು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ. ಸ್ಕ್ಯಾನಿನ ತಾರೀಕು ಆ ಹಾಳೆಯಲ್ಲಿ ಇದ್ದರೆ, ಅದು ಹಳತಾಗಿದೆಯೇ ಎಂದು ರೋಗಿಗೂ ಗೊತ್ತಾಗುತ್ತದೆ, ಡಾಕ್ಟರಿಗೂ ನೆನಪಾಗುತ್ತದೆ.

ಈ ಪತ್ರದ ಪ್ರತಿಯನ್ನು ತಮ್ಮ ಕಚೇರಿಗೂ ಜಿಲ್ಲಾ ವೈದ್ಯಾಧಿಕಾರಿಗಳ ಕಚೇರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಸರಕಾರಕ್ಕೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಇಲ್ಲಿನ ಕನ್ನಡಿಗರಿಗೆ ಇದೆ. ಸ್ಕ್ಯಾನಿನ ಖರ್ಚಿನ ಬಗ್ಗೆ ರಾಜ್ಯ ಆರೋಗ್ಯ ಏಜೆನ್ಸಿ ಏನು ತೀರ್ಮಾನ ಮಾಡುತ್ತದೆ ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ.

ಇತಿ,
ನಿವೃತ್ತ ಶಾಲಾ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ